ಬಿಸಿನೆಸ್ ಪ್ಲಾನ್ ಬಿಟ್ಟು ಕೊಬ್ಬರಿ ಅಟ್ಟ ಹತ್ತಿದ್ದು

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2018ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಕಂಪ್ಯೂಟರ್ ಸೈನ್ಸ್‌ನವರಿಗೆ ಐದನೇ ಸೆಮಿಸ್ಟರಿನಲ್ಲಿ ಮ್ಯಾನೇಜ್‌ಮೆಂಟ್ ಮತ್ತು ಆಂತ್ರಪ್ರೆನರ್‌ಶಿಪ್ ಅಂತ ಒಂದು ಪೇಪರ್ ಇತ್ತು. ತುಮಕೂರಿನ ನಮ್ಮ ಕಾಲೇಜಿನಲ್ಲಿ ಅದನ್ನು ಕಲಿಸುವುದು ನನ್ನ ಪಾಲಿಗೆ ಬಂತು. ಪ್ರಾಜೆಕ್ಟ್ ಕೊಟ್ಟರೆ ದಪ್ಪನೆಯ ಬಿಸಿನೆಸ್ ಪ್ಲಾನ್ ಬರುತ್ತಿತ್ತು, ಲಾಭದ ಗ್ರಾಫು ತಪ್ಪದೆ ಮೇಲಕ್ಕೇ ಹೋಗುತ್ತಿತ್ತು. ಒಬ್ಬ ಗಿರಾಕಿಯನ್ನೂ ಮಾತಾಡಿಸಿರುತ್ತಿರಲಿಲ್ಲ.

ಪ್ಲಾನ್ ಬರೆಸುವುದನ್ನೇ ನಿಲ್ಲಿಸಿದೆ. ಅಮೆರಿಕದ ಉದ್ಯಮಿ ಸ್ಟೀವ್ ಬ್ಲಾಂಕ್ 2011ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರು ಮಾಡಿದ ಲೀನ್ ಲಾಂಚ್‌ಪ್ಯಾಡ್ ಕೋರ್ಸಿನಲ್ಲಿ ವಿದ್ಯಾರ್ಥಿಗಳು ಪ್ರತಿ ವಾರ ಹೊರಗೆ ಹೋಗಿ, ಗಿರಾಕಿಗಳನ್ನು ಕಂಡು ಬಂದು, ಕ್ಲಾಸಿನಲ್ಲಿ ಒಪ್ಪಿಸಬೇಕು. ಅದನ್ನೇ ಇಲ್ಲಿಗೆ ತಂದೆ. ಕಟ್ಟುನಿಟ್ಟು ಒಂದೇ: "ಇಂಥದ್ದು ಮಾಡಿಕೊಟ್ಟರೆ ತಗೋತೀರಾ?" ಅಂತ ಕೇಳಬಾರದು. ನಮ್ಮ ಕಡೆ ಮನೆಗೆ ಬಂದ ಹುಡುಗರಿಗೆ ಯಾರೂ ಬೇಡ ಅನ್ನುವುದಿಲ್ಲ, "ಹೂಂ ಕಣಪ್ಪ, ಮಾಡು" ಅಂದು ಕಾಫಿ ಕೊಟ್ಟು ಕಳಿಸುತ್ತಾರೆ. ಅದು ಆರ್ಡರ್ ಅಲ್ಲ ಅಲ್ವಾ? ಹೋದ ಸಲ ಏನು ಮಾಡಿದ್ರಿ, ಯಾರಿಗೆ ಎಷ್ಟು ಕೊಟ್ರಿ, ಇಷ್ಟೇ ಕೇಳಬೇಕು.

ಒಂದು ತಂಡದ್ದು ಹೇಳುತ್ತೇನೆ. ತಿಪಟೂರು ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಡುತ್ತದೆ. ಕೊಬ್ಬರಿ ಆಯಿತೋ ಇಲ್ಲವೋ ಅಂತ ಹೇಳುವ ಸೆನ್ಸರ್ ಮಾಡುತ್ತೇವೆ ಅಂತ ಇವರು ಹೊರಟರು. ಅಟ್ಟದ ಮೇಲೆ ಯಜಮಾನರು ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರು. ಲೊಟಲೊಟ ಅಂತು. "ಇದು ಆಗೈತೆ." ಇನ್ನೊಂದರಲ್ಲಿ ನೀರಿನ ಸದ್ದು. "ಇದಕ್ಕಿನ್ನೂ ಟೈಮೈತೆ." ಸೆನ್ಸರ್ ಕಥೆ ಅಲ್ಲಿಗೆ ಮುಗಿಯಿತು. ಆದರೆ ಹೋದ ಸಲ ಖರ್ಚು ಎಲ್ಲೆಲ್ಲಿ ಆಯಿತು ಅಂತ ಕೇಳಿದ್ದೇ ತಡ, ಅವರು ಕೂತುಕೊಂಡೇ ಬಿಟ್ಟರು. ಸುಲಿಯೋಕೆ ಜನ ಸಿಗಲ್ಲ, ಸಿಕ್ಕರೂ ಕೂಲಿ ಜಾಸ್ತಿ, ಚಿಪ್ಪು ಒಡೆಯುವಾಗ ಉಂಡೆಗೆ ಏಟು ಬಿದ್ದರೆ ರೇಟೂ ಬಿತ್ತು. ಈಗ ಆ ತಂಡ ಚಿಪ್ಪು ಒಡೆಯುವ ಸಾಧನದ ಹಿಂದೆ ಬಿದ್ದಿದೆ. ಸಾಫ್ಟ್‌ವೇರ್ ಹುಡುಗರು, ಪಾಪ, ಕಬ್ಬಿಣದ ಅಂಗಡಿ ಸುತ್ತುತ್ತಿದ್ದಾರೆ.

ನನ್ನ ರಿಸರ್ಚ್ ಕೂಡ ಇದರ ಪಕ್ಕದ್ದೇ. ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಅಂತ ಸಂಶೋಧನೆ ಮಾಡಿದ ಸಾರಸ್ ಸರಸ್ವತಿ, ಅನುಭವಿ ಉದ್ಯಮಿಗಳಿಗೆ ಒಂದು ಕಾಲ್ಪನಿಕ ಕಂಪನಿಯ ಸಮಸ್ಯೆಗಳನ್ನು ಕೊಟ್ಟು, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳಿಸಿ ರೆಕಾರ್ಡ್ ಮಾಡಿದ್ದರು. 2001ರಲ್ಲಿ ಬಂದ ಅವರ 'ಇಫೆಕ್ಚುಯೇಶನ್' ಪೇಪರ್ ಹೇಳುವುದಿಷ್ಟು: ಇಂಥವರು ಲಾಭದ ಲೆಕ್ಕದಿಂದ ಶುರು ಮಾಡುವುದಿಲ್ಲ, ಕೈಯಲ್ಲಿ ಏನಿದೆ, ಯಾರು ಗೊತ್ತು, ಎಷ್ಟು ಹೋದರೆ ತಡೆದುಕೊಳ್ಳಬಹುದು ಅಂತ ನೋಡುತ್ತಾರೆ.

ಅದೇ ಥರ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಲೇತ್ ವರ್ಕ್‌ಶಾಪ್‌ನವರನ್ನು ಕೂರಿಸಿಕೊಂಡು, ತೋಟಕ್ಕೆ ಒಂದು ಹೊಸ ಮಿಷನ್ ಮಾಡಿ ಮಾರುವುದಾದರೆ ಹೇಗೆ ಶುರು ಮಾಡ್ತೀರಿ ಅಂತ ಕೇಳಿದೆ. ಒಬ್ಬರು ನನ್ನ ಮಾರ್ಕೆಟ್ ಸರ್ವೆ ಹಾಳೆಯನ್ನು ಪಕ್ಕಕ್ಕೆ ತಳ್ಳಿ, "ಇದೆಲ್ಲ ಆಮೇಲೆ ಸಾರ್. ನಮ್ಮ ಭಾವಮೈದನ ತೋಟ ಐತೆ, ಫಸ್ಟ್ ಒಂದು ಮಿಷನ್ ಅಲ್ಲಿಟ್ಟು ನೋಡ್ತೀನಿ. ಕೆಟ್ಟರೆ ಕಬ್ಬಿಣದ ದುಡ್ಡು ಹೋಯ್ತದೆ, ಅಷ್ಟೇ ತಾನೇ?" ಅಂದರು. ಪೇಪರ್ ಓದದೆಯೇ ಪೇಪರಿನ ಮಾತು!

ಮಾರ್ಕ್ಸ್ ವಿಷಯಕ್ಕೆ ಜಗಳ ಇದ್ದದ್ದೇ. ಐಡಿಯಾ ಬಿದ್ದುಹೋದರೆ ನಾನು ಮಾರ್ಕ್ಸ್ ಕಟ್ ಮಾಡುವುದಿಲ್ಲ. ಯಾರು ಏನಂದರು ಅನ್ನುವುದನ್ನು ಅವರ ಮಾತಿನಲ್ಲೇ, ತಾರೀಖು ಹಾಕಿ ಡೈರಿಯಲ್ಲಿ ಬರೆದಿರಬೇಕು. ಸುಮ್ನೆ "ರೈತರಿಗೆ ಇಷ್ಟವಾಯಿತು" ಅಂತ ಬರೆದರೆ ಸೊನ್ನೆ.

ಚಿಪ್ಪಿನ ತಂಡವನ್ನು ಅದೇ ಲೇತ್‌ನವರ ಹತ್ತಿರ ಕಳಿಸಿದ್ದೇನೆ. ಡ್ರಾಯಿಂಗ್ ನೋಡಿ, ಮಾಡೋಣ, ಕಬ್ಬಿಣದ ದುಡ್ಡು ಅರ್ಧ ನೀವು ಹಾಕಿ ಅಂದಿದ್ದಾರೆ. ಹುಡುಗರು ಇನ್ನೂ ಮನೆಯಲ್ಲಿ ಕೇಳಿಲ್ಲ.