ಬಾಹ್ಯಾಕಾಶದ ಘೋಷಣೆಯನ್ನು ಒರೆಗೆ ಹಚ್ಚುವುದು ಹೇಗೆ

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. ನಾಯಕರು ಚಂದ್ರ, ಮಂಗಳ ಎಂದು ಮಾತು ಕೊಟ್ಟ ಸುದ್ದಿ ಬಂದಾಗಲೆಲ್ಲ ಮಕ್ಕಳು ಪತ್ರಿಕೆ ಹಿಡಿದುಕೊಂಡು ಬರುತ್ತಿದ್ದರು. ಆಗ ಅವರಿಗೆ ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದುಕೊಳ್ಳಿ. ಎಡಪುಟಕ್ಕೆ ಸುದ್ದಿಯ ತುಣುಕು ಅಂಟಿಸಿ. ಬಲಪುಟದಲ್ಲಿ ನಾಲ್ಕು ಖಾನೆ ಎಳೆಯಿರಿ: ಏನು, ಯಾವಾಗ, ಎಷ್ಟು ಹಣ, ಏತಕ್ಕೆ.

ಮೊದಲ ಖಾನೆಗೆ ಕ್ರಿಯಾಪದ ಹುಡುಕಿ. ‘ಹೊಸ ಶಕೆ’, ‘ಮುಂಚೂಣಿ’ ಎಂಬ ಮಾತುಗಳನ್ನು ಅಲ್ಲಿ ಬರೆಯಬೇಡಿ. 1961ರ ಮೇ 25ರಂದು ಅಮೆರಿಕದ ಅಧ್ಯಕ್ಷ ಕೆನಡಿ ಹೇಳಿದ್ದು, ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿ ಸುರಕ್ಷಿತವಾಗಿ ಭೂಮಿಗೆ ಮರಳಿ ಕರೆತರುವುದು. ಅದು ಆಯಿತೋ ಇಲ್ಲವೋ ಎಂದು ಐದನೆಯ ತರಗತಿಯ ಹುಡುಗಿಯೂ ಹೇಳಬಲ್ಲಳು.

ಹೆಚ್ಚು ಹೊತ್ತು ಕೂರಬೇಕಾದದ್ದು ಹಣದ ಖಾನೆಯ ಮುಂದೆ. ಕೆನಡಿ ಅದೇ ಭಾಷಣದಲ್ಲಿ 1962ರ ಆರ್ಥಿಕ ವರ್ಷಕ್ಕೆ 53.1 ಕೋಟಿ ಡಾಲರ್, ಮುಂದಿನ ಐದು ವರ್ಷಗಳಿಗೆ ಇನ್ನೂ 700ರಿಂದ 900 ಕೋಟಿ ಬೇಕಾಗುತ್ತದೆ ಎಂದು ಬಾಯಿಬಿಟ್ಟು ಹೇಳಿದರು. 2004ರ ಜನವರಿಯಲ್ಲಿ ಕಿರಿಯ ಬುಷ್ ಕೂಡ 2020ರೊಳಗೆ ಮತ್ತೆ ಚಂದ್ರನಿಗೆ ಎಂದರು. ಆದರೆ ಅವರು ಕೇಳಿದ ಹೊಸ ಹಣ ಐದು ವರ್ಷಕ್ಕೆಲ್ಲ ಸೇರಿ ಸುಮಾರು 100 ಕೋಟಿ. ಉಳಿದ 1,100 ಕೋಟಿಯನ್ನು ನಾಸಾದ ಬೇರೆ ಕೆಲಸಗಳಿಂದಲೇ ತಿರುಗಿಸಬೇಕಿತ್ತು. 2010ರಲ್ಲಿ ಒಬಾಮ ಆ ಯೋಜನೆಯನ್ನು ಕೈಬಿಟ್ಟು ಕ್ಷುದ್ರಗ್ರಹದತ್ತ ಕೈತೋರಿದರು. 2017ರಲ್ಲಿ ಟ್ರಂಪ್ ಮತ್ತೆ ಚಂದ್ರ ಎಂದು ಸಹಿ ಹಾಕಿದರು. ಈ ಮೂರು ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಎಷ್ಟು ಎಂಜಿನಿಯರುಗಳ ಎಷ್ಟು ವರ್ಷಗಳ ದುಡಿಮೆ ಅರ್ಧಕ್ಕೇ ನಿಂತಿರಬೇಕು! ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

‘ಯಾವಾಗ’ ಖಾನೆಯಲ್ಲಿ ಬರೆದ ವರ್ಷದ ಪಕ್ಕದಲ್ಲಿ, ಆ ಹೊತ್ತಿಗೆ ಘೋಷಿಸಿದವರು ಅಧಿಕಾರದಲ್ಲಿ ಇರುತ್ತಾರೆಯೇ ಎಂದು ಗುರುತು ಹಾಕಿ. ಇರದಿದ್ದರೂ ಕೆಲಸ ನಡೆಯಬಹುದು. 2003ರ ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ವಾಜಪೇಯಿ 2008ರೊಳಗೆ ಚಂದ್ರಯಾನ ಎಂದರು. ಮರುವರ್ಷವೇ ಸರ್ಕಾರ ಬದಲಾಯಿತು. ಆದರೂ 2008ರ ಅಕ್ಟೋಬರ್ 22ರಂದು ನೌಕೆ ಶ್ರೀಹರಿಕೋಟಾದಿಂದ ಹೊರಟಿತು. 2018ರಲ್ಲಿ ಅದೇ ಕೆಂಪುಕೋಟೆಯಿಂದ 2022ರೊಳಗೆ ಗಗನಯಾನ, ಅಂದರೆ ನಮ್ಮದೇ ನೌಕೆಯಲ್ಲಿ ಭಾರತೀಯರು ಅಂತರಿಕ್ಷಕ್ಕೆ, ಎಂಬ ಮಾತು ಬಂದಿತ್ತು. ಆ ವರ್ಷ ಹಾಗೆಯೇ ದಾಟಿಹೋಯಿತು. ನನ್ನ ಪುಸ್ತಕದಲ್ಲಿ ಆ ಸಾಲಿಗೆ ಕೆಂಪು ಶಾಯಿ.

‘ಏತಕ್ಕೆ’ ಎಂಬುದು ನನಗೆ ತಿಳಿದದ್ದು 1975ರಲ್ಲಿ, ರಾಯಚೂರು ಜಿಲ್ಲೆಯ ನಮ್ಮ ಊರಿನಲ್ಲಿ. ಉಪಗ್ರಹದ ಮೂಲಕ ದೇಶದ 2,400 ಹಳ್ಳಿಗಳಿಗೆ ಟಿವಿ ತಲುಪಿಸಿದ ವರ್ಷ ಅದು. ಶಾಲೆಯ ಪಕ್ಕದಲ್ಲಿ ಕೋಳಿಗೂಡಿನ ತಂತಿಯ ಜಾಲರಿಯಂಥ ದೊಡ್ಡ ಆಂಟೆನಾ, ಜಗಲಿಯ ಮೇಲೆ ಟಿವಿ, ಅಂಗಳದ ತುಂಬ ಕುಳಿತ ಜನ. ಬೆಳೆಯ ಮಾತು ಬಂದಾಗ ಅಪ್ಪ ಪಕ್ಕದವರನ್ನು ಸುಮ್ಮನಿರಿಸಿ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಏತಕ್ಕೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಈಗ ಪುಸ್ತಕದಲ್ಲಿ ಹೊಸ ಸಾಲು: 2035ಕ್ಕೆ ಭಾರತದ ಅಂತರಿಕ್ಷ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ. ಅದರ ಕೆಳಗೆ ನಾಲ್ಕು ಬೆರಳು ಜಾಗ ಬಿಡಿ. ಪ್ರತಿ ವರ್ಷ ಬಜೆಟ್ ಮಂಡನೆಯ ಮರುದಿನ ಬಾಹ್ಯಾಕಾಶ ಇಲಾಖೆಗೆ ಕೊಟ್ಟ ಹಣವನ್ನು ಅಲ್ಲಿ ತಾರೀಖಿನ ಸಮೇತ ಬರೆಯಿರಿ.