ಅಳಿವೆಯ ನೀರಮಟ್ಟದ ಡ್ರೈವರ್: ಲಾಕ್ ಸರಿಪಡಿಸಿದ ಬಗೆ

ಕಾರವಾರದ ಕೋಡಿಬಾಗ ಕಡೆ, ಕಾಳಿ ನದಿಯ ಅಳಿವೆಯಲ್ಲಿ ಭರತ-ಇಳಿತ ಅಳೆಯುವ ಐ2ಸಿ (ಚಿಪ್‌ಗಳ ನಡುವಿನ ಎರಡು ತಂತಿಯ ಸಂಪರ್ಕ) ಸೆನ್ಸರಿನ ಲಿನಕ್ಸ್ ಡ್ರೈವರ್ ಇದು, ಅಂದರೆ ಆ ಸೆನ್ಸರನ್ನು ನಡೆಸುವ ಕರ್ನೆಲ್ ಕೋಡ್. ಒಂದೇ ಕೋರಿನ ಹಳೆಯ ಬೋರ್ಡಿನಲ್ಲಿ ಸುಮ್ಮನೆ ಓಡುತ್ತಿತ್ತು. 4 ಕೋರಿನದಕ್ಕೆ ಹಾಕಿದ ಮೇಲೆ ಹ್ಯಾಂಗ್ ಆಗತೊಡಗಿತು. ಸ್ಪಿನ್‌ಲಾಕ್ ಎಂದರೆ ಸಿಗುವ ತನಕ ಕೋರು ಸುತ್ತುತ್ತಲೇ ಕಾಯುವ ಲಾಕ್. ಎಸ್‌ಎಂಪಿ (ಹಲವು ಕೋರುಗಳ ಬೆಂಬಲ) ಇಲ್ಲದೆ ಕಟ್ಟಿದ ಕರ್ನೆಲ್‌ನಲ್ಲಿ ಅದು ಕಾಯುತ್ತ ಸುತ್ತುವುದೇ ಇಲ್ಲ, ಹಾಗಾಗಿ ತಪ್ಪು ಅಷ್ಟು ದಿನ ಒಳಗೇ ಅಡಗಿತ್ತು.

ಕೋಡ್ ಮುಟ್ಟುವ ಮೊದಲು ಡ್ರೈವರಿನ ಸ್ಟ್ರಕ್ಟ್ ತೆರೆದು, ಪ್ರತಿ ಫೀಲ್ಡನ್ನು ಯಾರು ಮುಟ್ಟುತ್ತಾರೆ, ಯಾವ ಲಾಕ್ ಕಾಯುತ್ತದೆ ಎಂದು ಕಾಗದದ ಮೇಲೆ ಬರೆದೆ. ಎದುರಿಗೆ ಲಾಕಿನ ಹೆಸರು ಬರೆಯಲಾಗದ ಫೀಲ್ಡುಗಳಲ್ಲೇ ರೋಗ ಇರುತ್ತದೆ. ಈ ಪಟ್ಟಿ ಇಲ್ಲದೆ ಅಂದಾಜಿನ ಮೇಲೆ ಲಾಕ್ ಸೇರಿಸುತ್ತ ಹೋದರೆ ರೇಸ್ (ಇಬ್ಬರು ಒಂದೇ ಡೇಟಾವನ್ನು ಒಟ್ಟಿಗೆ ಮುಟ್ಟುವ ತಪ್ಪು) ಹೋಗಿ ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾದು ಸಿಕ್ಕಿಕೊಳ್ಳುವುದು) ಬರುತ್ತದೆ.

ಆಮೇಲೆ ಪ್ರೂವ್_ಲಾಕಿಂಗ್ (ಲಾಕ್ ಕ್ರಮ ಪರೀಕ್ಷಿಸುವ ಲಾಕ್‌ಡೆಪ್), ಡೀಬಗ್_ಅಟಾಮಿಕ್_ಸ್ಲೀಪ್ (ಸಲ್ಲದ ಕಡೆ ನಿದ್ದೆ ಹೋದರೆ ಹಿಡಿಯುವುದು), ಕಾಸಾನ್ (ಮೆಮೊರಿಯ ತಪ್ಪು ಬಳಕೆ ಹಿಡಿಯುವುದು) ಮೂರನ್ನೂ ಆನ್ ಮಾಡಿ ಕರ್ನೆಲ್ ಕಟ್ಟಿದೆ. ಲಾಕ್‌ಡೆಪ್‌ನ ದೊಡ್ಡ ಉಪಕಾರವೆಂದರೆ ಡೆಡ್‌ಲಾಕ್ ನಿಜವಾಗಿ ಆಗಬೇಕಿಲ್ಲ. ಲಾಕುಗಳನ್ನು ಒಂದಕ್ಕೊಂದು ವಿರುದ್ಧ ಕ್ರಮದಲ್ಲಿ ಹಿಡಿಯುವ ಕೋಡಿನ ಎರಡೂ ದಾರಿಗಳು ಬೇರೆ ಬೇರೆ ಹೊತ್ತಿನಲ್ಲಿ ಒಮ್ಮೊಮ್ಮೆ ಓಡಿದರೂ ಸಾಕು, ಹಿಡಿದು ಕೊಡುತ್ತದೆ. ಆದರೆ ಮೊದಲ ವರದಿ ಕೊಟ್ಟೊಡನೆ ತಾನೇ ಆಫ್ ಆಗುತ್ತದೆ. ಪ್ರತಿ ಪರೀಕ್ಷೆಗೂ ರೀಬೂಟ್ ಮಾಡಿ, ಲಾಕ್‌ಡೆಪ್_ಸ್ಟ್ಯಾಟ್ಸ್ ಫೈಲಿನಲ್ಲಿ ಡೀಬಗ್_ಲಾಕ್ಸ್ 1 ಇದೆಯೇ ಎಂದು ನೋಡಿಯೇ ಮುಂದುವರಿಯಬೇಕು. ಹುಡುಕಾಟಕ್ಕೆ ಪ್ರಿಂಟ್‌ಕೆ (ಕರ್ನೆಲ್ ಲಾಗಿಗೆ ಬರೆಯುವ ಕರೆ) ಬೇಡ: ಅದು ತಿನ್ನುವ ಸಮಯಕ್ಕೇ ರೇಸ್ ಮಾಯವಾಗುತ್ತದೆ. ಮೆಮೊರಿಯ ಬಫರಿಗಷ್ಟೇ ಬರೆಯುವ ಟ್ರೇಸ್_ಪ್ರಿಂಟ್‌ಕೆ ಹಗುರ.

ಮೊದಲು ಸಿಕ್ಕಿದ್ದು ಇಂಟರಪ್ಟ್ ಹ್ಯಾಂಡ್ಲರ್ (ಸೆನ್ಸರ್ ಕರೆದೊಡನೆ ಓಡುವ ಕೋಡ್) ಸ್ಪಿನ್‌ಲಾಕ್ ಹಿಡಿದು ಐ2ಸಿ ಓದುತ್ತಿದ್ದದ್ದು. ಐ2ಸಿ ವರ್ಗಾವಣೆ ನಿದ್ದೆ ಹೋಗಬಲ್ಲದು (ಕೋರನ್ನು ಬೇರೆಯವರಿಗೆ ಬಿಟ್ಟು ಕಾಯಬಲ್ಲದು), ಇಂಟರಪ್ಟ್‌ನಲ್ಲಿ ನಿದ್ದೆ ಸಲ್ಲದು. ಥ್ರೆಡೆಡ್ ಐಆರ್‌ಕ್ಯೂಗೆ, ಅಂದರೆ ಇಂಟರಪ್ಟಿನ ಕೆಲಸವನ್ನು ನಿದ್ದೆ ಹೋಗಬಲ್ಲ ಥ್ರೆಡ್ಡಿಗೆ ಒಪ್ಪಿಸುವ ಬಗೆಗೆ, ಬದಲಿಸಿದೆ: ಹಾರ್ಡ್ ಹ್ಯಾಂಡ್ಲರ್ ಸಮಯವನ್ನಷ್ಟೇ ಗುರುತಿಸುತ್ತದೆ, ಥ್ರೆಡ್ ಮ್ಯೂಟೆಕ್ಸ್ (ನಿದ್ದೆ ಹೋಗಿ ಕಾಯಬಹುದಾದ ಲಾಕ್) ಹಿಡಿದು ಚಿಪ್ ಓದುತ್ತದೆ. ಥ್ರೆಡ್ ಮುಗಿಯುವ ತನಕ ಇಂಟರಪ್ಟ್ ಲೈನನ್ನು ಮುಚ್ಚಿಡುವ ಒನ್‌ಶಾಟ್ ಫ್ಲ್ಯಾಗ್ ಬೇಕೇ ಬೇಕು. ಇದು ಲೆವೆಲ್ ಇಂಟರಪ್ಟ್, ಲೈನ್ ಎದ್ದಿರುವಷ್ಟು ಹೊತ್ತೂ ಕರೆಯುತ್ತಲೇ ಇರುತ್ತದೆ. ಸ್ಟೇಟಸ್ ರಿಜಿಸ್ಟರ್ ಓದುವ ತನಕ ಲೈನ್ ಬಿಡುವುದಿಲ್ಲ, ಫ್ಲ್ಯಾಗ್ ಇಲ್ಲದಿದ್ದರೆ ಇಂಟರಪ್ಟ್ ಸುರಿಮಳೆ.

ರೀಡ್ ಫಂಕ್ಷನ್ ಅದೇ ಸ್ಪಿನ್‌ಲಾಕನ್ನು ಇಂಟರಪ್ಟ್ ತಡೆಯದೆ ಹಿಡಿಯುತ್ತಿತ್ತು. ಹಿಡಿದಿರುವಾಗ ಅದೇ ಕೋರಿಗೆ ಇಂಟರಪ್ಟ್ ಬಂದರೆ ಹ್ಯಾಂಡ್ಲರ್, ರೀಡ್ ಎಂದೂ ಬಿಡಲಾಗದ ಲಾಕಿಗೆ ಕಾಯುತ್ತ ಸುತ್ತುತ್ತದೆ. ಹ್ಯಾಂಗ್ ಇದೇ. ಆ ಕೋರಿನ ಇಂಟರಪ್ಟ್ ತಡೆದು ಲಾಕ್ ಹಿಡಿಯುವ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್ ಹಾಕಿದೆ. ಲಾಕಿನೊಳಗೇ ಕಾಪಿ_ಟು_ಯೂಸರ್ (ಯೂಸರ್ ಪ್ರೋಗ್ರಾಮಿನ ಮೆಮೊರಿಗೆ ನಕಲು) ಇತ್ತು. ಪೇಜ್ ಫಾಲ್ಟ್ ಆದರೆ (ಆ ಪುಟ ಮೆಮೊರಿಯಲ್ಲಿ ಸಿದ್ಧವಿಲ್ಲದಿದ್ದರೆ) ಅದೂ ನಿದ್ದೆಗೆ ಹೋಗುತ್ತದೆ. 16 ಬೈಟಿನ 16 ಅಳತೆಗಳನ್ನು, ಅಂದರೆ 256 ಬೈಟ್, ಸ್ಟ್ಯಾಕಿಗೆ ನಕಲಿಸಿ, ಲಾಕ್ ಬಿಟ್ಟು, ಆಮೇಲೆ ಯೂಸರ್ ಕಡೆ ಕಳಿಸಿದೆ.

ಹೆಚ್ಚು ದಿನ ತಿಂದದ್ದು, ಡ್ರೈವರನ್ನು ಸಾಧನದಿಂದ ಬಿಡಿಸುವಾಗ ಓಡುವ ರಿಮೂವ್ ಫಂಕ್ಷನ್. ಮ್ಯೂಟೆಕ್ಸ್ ಹಿಡಿದೇ ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್ (ಹಿನ್ನೆಲೆಯ ವರ್ಕ್ ರದ್ದುಮಾಡಿ, ಓಡುತ್ತಿದ್ದರೆ ಮುಗಿಯುವ ತನಕ ಕಾಯುವ ಕರೆ) ಕರೆಯುತ್ತಿತ್ತು. ಆ ವರ್ಕ್ ಅದೇ ಮ್ಯೂಟೆಕ್ಸಿಗೆ ಕಾದಿರುತ್ತದೆ, ಇಬ್ಬರೂ ಎದ್ದೇಳುವುದಿಲ್ಲ. ಜೊತೆಗೆ ಡೆವ್‌ಎಂ (ಪಡೆದದ್ದನ್ನು ಕರ್ನೆಲ್ಲೇ ಬಿಡುಗಡೆ ಮಾಡುವ ವ್ಯವಸ್ಥೆ) ಮೂಲಕ ಪಡೆದ ಐಆರ್‌ಕ್ಯೂ (ಇಂಟರಪ್ಟ್ ಲೈನ್), ರಿಮೂವ್ ಮುಗಿದ ಮೇಲಷ್ಟೇ ಬಿಡುಗಡೆಯಾಗುತ್ತದೆ. ನಡುವೆ ಬಂದ ಇಂಟರಪ್ಟ್ ಫ್ರೀ ಆದ ಬಫರಿಗೆ ಬರೆಯುತ್ತಿತ್ತು. ಈಗಿನ ಕ್ರಮ: ಮ್ಯೂಟೆಕ್ಸ್ ಹಿಡಿದು 'ಹೋಯಿತು' ಎಂಬ ಫ್ಲ್ಯಾಗ್ ಎತ್ತಿ, ಮ್ಯೂಟೆಕ್ಸ್ ಬಿಟ್ಟು, ಕಾದಿರುವ ಓದುಗರನ್ನು ಎಬ್ಬಿಸಿ, ಐಆರ್‌ಕ್ಯೂ ಬಿಡಿಸಿ, ವರ್ಕ್ ನಿಲ್ಲಿಸುವುದು. ವರ್ಕ್ ಕೂಡ ಫ್ಲ್ಯಾಗ್ ನೋಡಿಯೇ ತನ್ನನ್ನು ಮತ್ತೆ ಸರದಿಗೆ ಹಾಕಿಕೊಳ್ಳುತ್ತದೆ.

ಫೈಲ್ ತೆರೆದಿದ್ದರೆ ಮಾಡ್ಯೂಲ್ ತೆಗೆಯಲು ಆರ್‌ಎಂಮಾಡ್ ಆಜ್ಞೆ ಒಪ್ಪುವುದಿಲ್ಲ, ಆದರೆ ಸಿಸ್‌ಎಫ್‌ಎಸ್ (ಕರ್ನೆಲ್ ತೋರಿಸುವ ಸಾಧನಗಳ ಫೈಲುಗಳು) ಮೂಲಕ ಅನ್‌ಬೈಂಡ್ ಆಗುತ್ತದೆ, ಅಂದರೆ ಸಾಧನದಿಂದ ಡ್ರೈವರ್ ಬಿಡಿಸಬಹುದು. ಆದ್ದರಿಂದ 4 ಓದುಗ ಪ್ರಕ್ರಿಯೆಗಳು ಓಡುತ್ತಿರುವಾಗಲೇ ಅನ್‌ಬೈಂಡ್-ಬೈಂಡ್ ಅನ್ನು 500 ಸಲ ಓಡಿಸಿದೆ. ತೆರೆದಿದ್ದ ಫೈಲ್ ಸತ್ತ ಸ್ಟ್ರಕ್ಟನ್ನು ಮುಟ್ಟಿದ್ದನ್ನು ಕಾಸಾನ್ ತೋರಿಸಿತು. ಸ್ಟ್ರಕ್ಟಿಗೆ ಕೆರೆಫ್ (ಎಷ್ಟು ಜನ ಬಳಸುತ್ತಿದ್ದಾರೆಂಬ ಎಣಿಕೆ) ಕಟ್ಟಿ, ಕೊನೆಯ ಫೈಲ್ ಮುಚ್ಚಿದ ಮೇಲೆ ಫ್ರೀ ಆಗುವಂತೆ ಮಾಡಿದೆ.