ಗುಡ್ಡದ ಮೇಲೆ ಇಬ್ಬರ ಮದುವೆ: ದಾವಣಗೆರೆಯಿಂದ ಕುದುರೆಮುಖಕ್ಕೆ ಹೊರಡುವವರಿಗೆ

ಕಾಯ್ದೆಯ ಮದುವೆ ಊರಲ್ಲಿ ಆಗಲಿ, ಮಾತಿನ ಮದುವೆ ಗುಡ್ಡದ ಮೇಲೆ ಆಗಲಿ. ನನ್ನನ್ನು ಹುಡುಕಿಕೊಂಡು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಎರಡನ್ನೂ ಒಂದೇ ದಿನ, ಒಂದೇ ಜಾಗದಲ್ಲಿ ಮುಗಿಸಲು ಹೊರಟರೆ ಎರಡೂ ಅರೆಬರೆ ಆಗುತ್ತವೆ.

ದಾವಣಗೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಮಂತ್ರಮಾಂಗಲ್ಯದ ಮದುವೆಗಳಲ್ಲಿ ಪ್ರತಿಜ್ಞೆ ಓದಿಸಲು ನನ್ನನ್ನು ಕರೆಯುತ್ತಾರೆ. ಕುವೆಂಪು ಅವರು ರೂಪಿಸಿದ ಈ ಪದ್ಧತಿಯಲ್ಲಿ 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ನಡೆಯಿತು. ಅಲ್ಲಿಂದೀಚೆಗೆ ಮುಹೂರ್ತ, ವರದಕ್ಷಿಣೆ, ಜಾತಿಯ ಹಂಗು ಬೇಡವೆನ್ನುವವರು ಇದನ್ನು ಹಿಡಿದು ನಡೆದಿದ್ದಾರೆ. ಈಚೆಗೆ ಬರುವವರ ಕೇಳಿಕೆ ಇನ್ನೂ ಒಂದು ಹೆಜ್ಜೆ ಮುಂದೆ. "ಮೇಡಂ, ಛತ್ರ ಬ್ಯಾಡ, ಸ್ಟೇಜ್ ಬ್ಯಾಡ, ಅಷ್ಟೊಂದು ಜನ ಬ್ಯಾಡ. ನಾವಿಬ್ರು, ನೀವು, ಒಂದಿಬ್ರು ಸ್ನೇಹಿತ್ರು. ಗುಡ್ಡದ ಮ್ಯಾಲೆ ಆಗಲ್ವಾ?" ಆಗುತ್ತದೆ. ಚೆನ್ನಾಗಿಯೇ ಆಗುತ್ತದೆ. ಎರಡು ಮೂರು ತಿಂಗಳು ಮುಂಚೆ ಸಿದ್ಧತೆ ಶುರು ಮಾಡಬೇಕು, ಅಷ್ಟೇ.

ಮೊದಲು ಕಾಯ್ದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಲೇಬೇಕು. ತುಂಬದವರು ಈ ಬರಹವನ್ನು ಇಲ್ಲಿಗೇ ಬಿಟ್ಟು ಓದಿಗೆ ಕೂರಿ. ತುಂಬಿದವರಿಗೆ ದಾರಿ ಎರಡು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ (ಲಿಂಗಾಯತರು, ಜೈನರು, ಬೌದ್ಧರು ಕೂಡ ಇದರೊಳಗೇ ಬರುತ್ತಾರೆ) ಇಬ್ಬರಲ್ಲಿ ಒಬ್ಬರ ಕಡೆಯ ಸಂಪ್ರದಾಯದಂತೆ ಶಾಸ್ತ್ರ ನಡೆದಿರಬೇಕು. ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ಪಡೆದರೆ ಮದುವೆ ಆದಂತಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಶಾಸ್ತ್ರ ಬೇಡ, ಮಾತು ಸಾಕು ಎನ್ನುವವರಿಗೆ ನಾನು ತೋರಿಸುವುದು 1954ರ ವಿಶೇಷ ವಿವಾಹ ಕಾಯ್ದೆಯ ದಾರಿ. ಅಲ್ಲಿ ಜಾತಿ ಧರ್ಮದ ಪ್ರಶ್ನೆಯೇ ಬರುವುದಿಲ್ಲ.

ಇದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯ ನೋಟಿಸ್ ಕೊಡಬೇಕು. ಕೊಡುವ ಮುಂಚಿನ 30 ದಿನ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ವಾಸ ಇರಬೇಕು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತ ದಾವಣಗೆರೆಯಲ್ಲಿ ನೋಟಿಸ್ ಕೊಡಲು ಬರುವವರು ಇದನ್ನು ಮೊದಲು ಲೆಕ್ಕ ಹಾಕಿಕೊಳ್ಳಿ. ನೋಟಿಸಿನ ಪ್ರತಿ ಆಫೀಸಿನ ಬೋರ್ಡಿಗೆ ಬೀಳುತ್ತದೆ. ಒಬ್ಬರ ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಒಂದು ಪ್ರತಿ ಅಲ್ಲಿಯ ಆಫೀಸಿಗೂ ಹೋಗುತ್ತದೆ. ಮನೆಯವರಿಂದ ಅಪಾಯವಿದೆ ಎನ್ನುವವರಿಗೆ ಇದು ಗೊತ್ತಿರಬೇಕು. 30 ದಿನದೊಳಗೆ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು, ಆದರೆ ಕಾಯ್ದೆಯ ಷರತ್ತಿನ ಮೇಲೆ ಮಾತ್ರ: ವಯಸ್ಸು, ಮೊದಲಿನ ಗಂಡ ಅಥವಾ ಹೆಂಡತಿ ಇರುವುದು, ಬುದ್ಧಿಸ್ಥಿಮಿತ, ನಿಷಿದ್ಧ ಸಂಬಂಧ. "ನಮಗೆ ಒಪ್ಪಿಗೆ ಇಲ್ಲ" ಎಂಬ ತಕರಾರು ನಿಲ್ಲುವುದಿಲ್ಲ.

ನಿಷಿದ್ಧ ಸಂಬಂಧ ಎಂದಾಗ ನಮ್ಮ ಕಡೆಯವರು ಸ್ವಲ್ಪ ನಿಂತು ಕೇಳಬೇಕು. ಸೋದರಮಾವನ ಮಗಳು, ಸೋದರತ್ತೆಯ ಮಗ ನಮ್ಮಲ್ಲಿ ಹೇಳಿಮಾಡಿಸಿದ ಜೋಡಿ. ಈ ಕಾಯ್ದೆಯ ಪಟ್ಟಿಯಲ್ಲಿ ಅದು ನಿಷಿದ್ಧ. ಸಂಪ್ರದಾಯವಿದ್ದರೆ ವಿನಾಯಿತಿಗೆ ಅವಕಾಶ ಇಟ್ಟಿದ್ದಾರಾದರೂ ಅದನ್ನು ಸರ್ಕಾರ ಅಧಿಸೂಚನೆಯಲ್ಲಿ ಗುರುತಿಸಿರಬೇಕು. ಅಂಥ ಸಂಬಂಧದವರು ನೋಟಿಸಿಗೆ ಮುಂಚೆ ವಕೀಲರನ್ನು ಕಾಣಿ.

30 ದಿನ ಕಳೆದ ಮೇಲೆ, ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ, ಮೂವರು ಸಾಕ್ಷಿಗಳೊಂದಿಗೆ ಹೋಗಿ ಅಧಿಕಾರಿಯ ಮುಂದೆ ಹೇಳಿ ಸಹಿ ಹಾಕಬೇಕು. ಮೂರು ತಿಂಗಳು ಮೀರಿದರೆ ಮತ್ತೆ ಹೊಸ ನೋಟಿಸ್. ಸಾಕ್ಷಿಗಳ ಆಧಾರ್ ಕೂಡ ಬೇಕಾಗುತ್ತದೆ, ಮೂವರಿಗೂ ಹಿಂದಿನ ರಾತ್ರಿ ನೆನಪಿಸಿ. ನಿಮ್ಮ ಹೆಸರಿನ ಕಾಗುಣಿತ, ಇನಿಷಿಯಲ್ಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರಿನಲ್ಲಿ ಒಂದು ಇದ್ದರೆ ನೋಟಿಸಿಗೆ ಮೊದಲೇ ಸರಿ ಮಾಡಿಸಿ. ನಾಳೆ ಪಾಸ್‌ಪೋರ್ಟಿಗೆ ಹೋದಾಗ ಅಡ್ಡ ಬರುವುದು ಇದೇ.

ಅಧಿಕಾರಿ ಆಫೀಸಿನ ಹೊರಗೂ ಬಂದು ಮದುವೆ ಮಾಡಿಸಲು ಕಾಯ್ದೆಯಲ್ಲಿ ಅವಕಾಶ ಇದೆಯಲ್ಲ ಎಂದು ಓದಿಕೊಂಡು ಬಂದ ಹುಡುಗರು ಕೇಳುತ್ತಾರೆ. ಇದೆ, ಹೆಚ್ಚಿನ ಶುಲ್ಕಕ್ಕೆ, ಆಫೀಸಿನಿಂದ ತಕ್ಕಮಟ್ಟಿನ ದೂರದೊಳಗೆ. ಗಾಡಿಯಲ್ಲಿ ಐದಾರು ಗಂಟೆ ದಾರಿಯ ಕುದುರೆಮುಖ ಆ ಲೆಕ್ಕಕ್ಕೆ ಬರುವುದಿಲ್ಲ. ಬಂದರೂ ರಾಷ್ಟ್ರೀಯ ಉದ್ಯಾನದೊಳಗೆ ಸಮಾರಂಭ ನಡೆಸುವುದನ್ನು ನಾನು ಒಪ್ಪುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅಲ್ಲಿಗೆ ಪ್ರವೇಶ ಕೊಡುವುದು ಪ್ರವಾಸ, ಅಧ್ಯಯನ, ಛಾಯಾಗ್ರಹಣದಂಥ ಕೆಲಸಕ್ಕೆ. ಚಾರಣಕ್ಕೆ ಹೋದ ನಾಲ್ಕೈದು ಜನ ಒಂದು ಕಡೆ ನಿಂತು ಎದುರುಬದುರು ಮಾತು ಕೊಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಮಂಟಪ, ಮೈಕು, ವಾಲಗ ಬಂದರೆ ಅದು ಬೇರೆ ವಿಷಯ. ನೀವು ಮಾಡುವುದು ಏನೆಂದು ಅರಣ್ಯ ಇಲಾಖೆಯ ಕಚೇರಿಗೂ ಗೈಡಿಗೂ ಮೊದಲೇ ತಿಳಿಸಿ. ಕದ್ದುಮುಚ್ಚಿ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ.

ಕುದುರೆಮುಖವೇ ಯಾಕೆ? ದಾರಿ ದೂರವಾದರೂ ದಾವಣಗೆರೆಯವರ ಬದುಕಿಗೆ ಅದಕ್ಕಿಂತ ಹತ್ತಿರದ ಗುಡ್ಡ ಇಲ್ಲ ಎಂದು ನಾನು ಮನಸಾರೆ ನಂಬಿದ್ದೇನೆ. ನಮ್ಮ ಗದ್ದೆಗೆ ನಾಲೆಯಲ್ಲಿ ಬರುವ ನೀರು ಭದ್ರೆಯದು, ಕುಂದವಾಡ ಕೆರೆ ತುಂಬುವುದು ಅದರಿಂದಲೇ. ಆ ಭದ್ರೆ, ಜೊತೆಗೆ ತುಂಗೆ, ನೇತ್ರಾವತಿ ಮೂವರೂ ಹುಟ್ಟುವುದು ಈ ಉದ್ಯಾನದೊಳಗಿನ ಗಂಗಾಮೂಲದಲ್ಲಿ. ಹರಿಹರದ ಹೊಳೆಯಲ್ಲಿ ಸೇರಿ ಹರಿಯುವ ಎರಡು ನದಿಗಳು ಅಲ್ಲಿ ಇನ್ನೂ ಬೇರೆಬೇರೆ. ಸಿಂಗಳೀಕಗಳ ನೆಲೆಯಾದ ಈ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ನೆಲಕ್ಕೆ ಮದುವೆಯ ಹೆಸರಲ್ಲಿ ಒಂದು ಚಾಕೊಲೇಟ್ ಸಿಪ್ಪೆಯೂ ಬೀಳಬಾರದು.

ತೀರ ದೂರವಾಯಿತು ಎನ್ನುವವರಿಗೆ ಚಿತ್ರದುರ್ಗದ ಜೋಗಿಮಟ್ಟಿ ಇದೆ. ಅದೂ ವನ್ಯಜೀವಿಧಾಮ, ನಿಯಮ ಅದೇ. ಗಾಳಿಯಂತೂ ಕುದುರೆಮುಖಕ್ಕೆ ಏನೂ ಕಡಿಮೆಯಿಲ್ಲ.

ಕಾಲ ಅಕ್ಟೋಬರಿನಿಂದ ಜನವರಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಯಲ್ಲಿ ಎದುರು ನಿಂತವರ ಮುಖ ಕಾಣುವುದಿಲ್ಲ, ಇಂಬಳದ ಕಾಟ ಬೇರೆ. ಫೆಬ್ರವರಿಯ ಮೇಲೆ ಹುಲ್ಲು ಒಣಗಿ ಬೆಂಕಿಯ ಭಯ ಶುರುವಾಗುತ್ತದೆ, ಚಾರಣವನ್ನೇ ನಿಲ್ಲಿಸುವುದುಂಟು. ಮುಹೂರ್ತ ನೋಡುವವರು ಇದೊಂದು ಮುಹೂರ್ತ ನೋಡಿದರೆ ಸಾಕು. ಶನಿವಾರ ಭಾನುವಾರ ಬೇಡವೇ ಬೇಡ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ವಾರದ ಕೊನೆಯಲ್ಲಿ ಅದು ತುಂಬಿಹೋಗುತ್ತದೆ. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಪ್ರತಿಯೊಬ್ಬರ ಹೆಸರಿಗೂ ಟಿಕೆಟ್ ಮಾಡಿಸಿ, ಪ್ರತಿಜ್ಞೆ ಓದಿಸುವವರ ಹೆಸರಿಗೂ.

ತುದಿಗೆ ಹೋಗುವವರು ಕಳಸದ ಕಡೆಯಿಂದ ಸಂಸೆ ದಾಟಿ ಮುಳ್ಳೋಡಿಗೆ ಜೀಪಿನಲ್ಲಿ ಹೋಗಿ, ಹಿಂದಿನ ರಾತ್ರಿ ಅಲ್ಲಿಯ ಹೋಂಸ್ಟೇಯಲ್ಲಿ ಉಳಿದು, ಬೆಳಿಗ್ಗೆ ನಡಿಗೆ ಶುರು ಮಾಡಬೇಕು. ಹೋಗಿ ಬರುವುದು ಇಡೀ ದಿನದ ಕೆಲಸ. ಮೇಲೆ ರಾತ್ರಿ ತಂಗಲು ಬಿಡುವುದಿಲ್ಲ. ತುದಿಯವರೆಗೆ ಹೋಗಲೇಬೇಕೆಂಬ ಹಟ ನನಗಿಲ್ಲ. ಒಂಟಿಮರ ದಾಟಿದ ಮೇಲೆ ಹುಲ್ಲಿನ ಏಣು ಸಿಗುತ್ತದೆ, ಮಾತು ಕೊಡಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಸುಸ್ತಾದ ಮೇಲೆ ಆಡುವ ಮಾತು ಬೇರೆಯೇ ಆಗುತ್ತದೆ, ಅರ್ಧ ದಾರಿಯಲ್ಲೇ ಆಡಿಬಿಡಿ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಭಗವತಿ ಪ್ರಕೃತಿ ಶಿಬಿರದ ಕಡೆಯ ಕುರಿಂಜಾಲು ಹಿಡಿಯಿರಿ, ಅದು ಚಿಕ್ಕ ದಾರಿ. ಉದ್ಯಾನದ ನಡುವೆ ಹಾದುಹೋಗುವ ರಸ್ತೆಯಲ್ಲಿ ಫೋಟೊಕ್ಕೆಂದು ಗಾಡಿ ನಿಲ್ಲಿಸಬೇಡಿ.

ಬೆಂಕಿ ಹಚ್ಚುವಂತಿಲ್ಲ. ಕರ್ಪೂರವೂ ಬೇಡ, ಊದುಬತ್ತಿಯೂ ಬೇಡ. ಅಗ್ನಿಸಾಕ್ಷಿ ಬೇಕೆನಿಸಿದರೆ ಹೊರಡುವ ಮುನ್ನ ಮನೆಯಲ್ಲಿ ದೀಪ ಹಚ್ಚಿ ನಮಸ್ಕಾರ ಮಾಡಿ ಬನ್ನಿ. ಅಕ್ಕಿಕಾಳು ಹಾಕುವುದೂ ಊರಲ್ಲೇ ಆಗಲಿ: ಕಾಡಿನ ಪ್ರಾಣಿಗೆ ಅರಿಶಿನ ಹಚ್ಚಿದ ಅಕ್ಕಿಯ ರುಚಿ ಹತ್ತಿಸಬಾರದು. ಹೂವಿನ ಹಾರ ದಾರಿಯಲ್ಲೇ ಬಾಡಿ ಉದುರುತ್ತದೆ. ಖಾದಿ ಭಂಡಾರದ ನೂಲಿನ ಹಾರ ತನ್ನಿ, ಹಾಕಿಕೊಂಡು ಬಿಚ್ಚಿ ಮತ್ತೆ ಚೀಲಕ್ಕೆ ಇಟ್ಟುಕೊಳ್ಳಬಹುದು. ಬಟ್ಟೆ ನೂಲಿನದೇ ಇರಲಿ. ರೇಷ್ಮೆ ಸೀರೆ ಹುಲ್ಲಿಗೆ ಸಿಕ್ಕಿ ದಾರ ದಾರ ಬಿಡುತ್ತದೆ. ಇಳಕಲ್ ಸೀರೆಯನ್ನು ಸ್ವಲ್ಪ ಮೇಲಕ್ಕೆ ಉಟ್ಟು, ಒಳಗೆ ಲೆಗ್ಗಿಂಗ್ಸ್, ಕಾಲಿಗೆ ಹಿಡಿತದ ಶೂ ಹಾಕಿದರೆ ಹುಡುಗಿ ಆರಾಮಾಗಿ ನಡೆಯುತ್ತಾಳೆ. ನೀರು ಸ್ಟೀಲ್ ಬಾಟಲಿಯಲ್ಲಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಇವು ಕೆಡುವುದಿಲ್ಲ. ಡ್ರೋನ್ ತರಬೇಡಿ. ದೊಡ್ಡ ಕ್ಯಾಮೆರಾ, ವಿಡಿಯೊದವರನ್ನು ಕರೆತರುವುದಾದರೆ ಅದಕ್ಕೆ ಬೇರೆ ಅನುಮತಿ ಕೇಳಿ. ಸ್ನೇಹಿತರೊಬ್ಬರ ಮೊಬೈಲು ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಮಾತು. ಇಡೀ ಸಿದ್ಧತೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ, ಎಲ್ಲರೂ ಕಡೆಯ ರಾತ್ರಿಗೆ ಬಿಡುವುದೂ ಇದನ್ನೇ. ಮಂತ್ರಮಾಂಗಲ್ಯದ ಪ್ರತಿಜ್ಞೆ ಓದಿಸಿದ ಮೇಲೆ ನಾನು ಇಬ್ಬರಿಂದಲೂ ಅವರವರೇ ಬರೆದ ನಾಲ್ಕೈದು ವಾಕ್ಯ ಹೇಳಿಸುತ್ತೇನೆ. "ಸದಾ ಪ್ರೀತಿಸುತ್ತೇನೆ" ಎಂದು ಬರೆದು ತಂದರೆ ವಾಪಸ್ ಕೊಡುತ್ತೇನೆ. ಯಾವ ಕೆಲಸ, ಯಾವ ಹೊತ್ತು, ಯಾರ ಖರ್ಚು, ಇದನ್ನು ಬರೆಯಿರಿ. ಹೊಸದುರ್ಗದ ಹುಡುಗಿ ಒಬ್ಬಳು ನರ್ಸ್, ಹುಡುಗ ಹರಿಹರದವನು. ಏಣಿನ ಮೇಲೆ ಗಾಳಿ ಎಷ್ಟಿತ್ತೆಂದರೆ ನಾನು ಓದಿದ್ದು ಅವರಿಗೆ ಕೇಳದೆ ಇಬ್ಬರೂ ಹತ್ತಿರ ಹತ್ತಿರ ಬಂದು ನನ್ನ ಪುಸ್ತಕದ ಮೇಲೆ ಬಗ್ಗಿದರು. ಹುಡುಗ ತನ್ನ ಚೀಟಿ ಬಿಚ್ಚಿ, ಹಾರದಂತೆ ಎರಡು ಕೈಯಲ್ಲೂ ಹಿಡಿದು ಓದಿದ: "ನೀನು ನೈಟ್ ಡ್ಯೂಟಿ ಮುಗಿಸಿ ಬಂದಾಗ ಬಾಗಿಲು ನಾನೇ ತೆಗೀತೀನಿ, ಚಹಾ ನಾನೇ ಮಾಡ್ತೀನಿ. ನಿನ್ನ ತಂಗಿ ಓದು ಮುಗಿಯೋತನಕ ಅವಳ ಫೀಸು ನಮ್ಮ ಮನೆ ಖರ್ಚು." ಅವಳು ತಡೆದು, "ಫೀಸಿಂದು ಇನ್ನೊಂದ್ ಸಲ ಹೇಳು" ಅಂದಳು. ಅವನು ಮತ್ತೆ ಹೇಳಿದ. ಗೈಡು ಆಚೆ ತಿರುಗಿ ನಿಂತಿದ್ದವರು ಈಚೆ ತಿರುಗಿ ಕೇಳಿದರು. ಇಂಥ ಮಾತನ್ನು ಛತ್ರದ ಗದ್ದಲದಲ್ಲಿ ಯಾರು ಆಡುತ್ತಾರೆ, ಯಾರು ಕೇಳುತ್ತಾರೆ?

ಬಿಡಿ ಹಾಳೆಯ ಬದಲು ರಟ್ಟಿನ ಹೊದಿಕೆಯ ನೋಟ್ ಪುಸ್ತಕದಲ್ಲಿ ಬರೆಯಿರಿ. ಕೊನೆಗೆ ಜೊತೆಗಿದ್ದವರೆಲ್ಲ ಅದರಲ್ಲೇ ಸಹಿ ಹಾಕಲಿ. ತಾಳಿ ಬೇಕೋ ಬೇಡವೋ ನಿಮ್ಮಿಬ್ಬರ ಇಷ್ಟ. ಕಟ್ಟುವುದಾದರೆ ದಾರ ಮೊದಲೇ ಪೋಣಿಸಿಟ್ಟುಕೊಳ್ಳಿ, ಗಾಳಿಗೆ ಬೆರಳು ಮರಗಟ್ಟುತ್ತದೆ.

ಇಳಿದು ಬಂದ ಮೇಲೆ ಮದುವೆ ಊಟ ಎಲ್ಲಿ ಎಂಬ ಚಿಂತೆ ಬೇಡ. ಹತ್ತಿರದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿ ಬಂದವರಿಗೆಲ್ಲ ಊಟ ಹಾಕುತ್ತಾಳೆ. ಸಾಲಿನಲ್ಲಿ ಕೂತು ಉಣ್ಣಿ.

ಮನೆಯವರ ವಿಷಯ. ಹೆದರಿಕೆ, ಹೊಡೆತ, ಕೂಡಿಹಾಕುವ ಪರಿಸ್ಥಿತಿ ಇರುವವರು ಗುಡ್ಡದ ಯೋಚನೆಗಿಂತ ಮೊದಲು ರಕ್ಷಣೆ ನೋಡಿಕೊಳ್ಳಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆತನದ, ಸಮುದಾಯದ ಒಪ್ಪಿಗೆ ಅಗತ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ನಮ್ಮ ರಾಜ್ಯದ ಪ್ರಕರಣದಲ್ಲೇ ಹೇಳಿದೆ.

ಅಂಥ ಅಪಾಯ ಇಲ್ಲದವರು, ಬರೀ ಮುನಿಸಿನ ಮನೆಯವರು, ಕಳಸದಲ್ಲಿ ನೆಟ್‌ವರ್ಕ್ ಇರುವಾಗಲೇ ಅವ್ವನಿಗೆ ಫೋನ್ ಮಾಡಿ. ಮೇಲೆ ಸಿಗ್ನಲ್ ನಂಬುವಂತಿಲ್ಲ. ಮಗಳ ಮದುವೆಯನ್ನು ತಾಯಿ ಯಾರದೋ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ನೋಡಬಾರದು. ಬೈದರೆ ಬೈಸಿಕೊಳ್ಳಿ, ಅತ್ತರೆ ಫೋನ್ ಇಡದೆ ಕೇಳಿಸಿಕೊಳ್ಳಿ. ಎರಡು ವಾರವೋ ಎರಡು ತಿಂಗಳೋ ಬಿಟ್ಟು ಊಟಕ್ಕೆ ಕರೆದರೆ ನೋಟ್ ಪುಸ್ತಕ ತೆಗೆದುಕೊಂಡು ಇಬ್ಬರೂ ಹೋಗಿ. ಅಪ್ಪ ಓದದಿದ್ದರೂ ಟೇಬಲ್ಲಿನ ಮೇಲೆ ಇಟ್ಟು ಬನ್ನಿ.